ಫ್ಲಾಪಿ ಡ್ರೈವ್ ಹೋಗಿಲ್ಲ, ಕಾರ್ಡ್ ಜೊತೆ ಹೊಂದಾಣಿಕೆ ಇಲ್ಲ: ಹಳೇ ಕಂಪ್ಯೂಟರ್‌ಗಳಲ್ಲಿ ದೋಷ ಹುಡುಕೋದು ಹೇಗೆ

ಗುಜರಿಯಿಂದ ಒಂದು ಫ್ಲಾಪಿ ಡ್ರೈವ್ ತಂದಿರಿ. ಹಳೇ ಕಂಪ್ಯೂಟರ್‌ಗೆ ಹಾಕಿದಿರಿ. ಕೇಬಲ್ ಸರಿಯಾಗಿ ಕೂತಿತು, ಪವರ್ ಪ್ಲಗ್ಗೂ ಕೂತಿತು, ಆದರೆ ಏನೂ ಓದುತ್ತಿಲ್ಲ. ಆಗ ಎಲ್ಲರೂ ಹೇಳೋದು ಒಂದೇ ಮಾತು: "ಡ್ರೈವ್ ಹೋಗಿದೆ." ಬಳ್ಳಾರಿಯಲ್ಲಿ ನನ್ನ ಮೇಜಿನ ಮೇಲೆ ಬಂದು ಕೂರುವ ಡ್ರೈವ್‌ಗಳಲ್ಲಿ ಹೆಚ್ಚಿನವು ಹೋಗಿರುವುದಿಲ್ಲ. ಡ್ರೈವ್ ಚೆನ್ನಾಗಿರುತ್ತದೆ, ಅದನ್ನು ನಡೆಸುವ ಕಂಪ್ಯೂಟರ್ ಕಡೆಯ ಕಾರ್ಡ್ ಕೂಡ ಚೆನ್ನಾಗಿರುತ್ತದೆ, ಎರಡಕ್ಕೂ ಹೊಂದಾಣಿಕೆ ಇರುವುದಿಲ್ಲ ಅಷ್ಟೇ. 34 ಪಿನ್‌ನ ಕನೆಕ್ಟರ್ ಎಲ್ಲ ಕಡೆ ಒಂದೇ ಥರ ಕಾಣುತ್ತದೆ, ಹಾಗಾಗಿ ಎಲ್ಲ ಡ್ರೈವೂ ಎಲ್ಲ ಕಂಪ್ಯೂಟರ್‌ಗೂ ಆಗುತ್ತದೆ ಅಂತ ಅನಿಸುತ್ತದೆ. ಆಗಲ್ಲ. ನಾಲ್ಕೈದು ಪಿನ್‌ಗಳ ಅರ್ಥ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಬೇರೆ, ಅಲ್ಲೇ ಎಲ್ಲ ತೊಂದರೆ ಇರೋದು.

ಕೌಲ್ ಬಜಾರ್ ಕಡೆಯ ಗುಜರಿಗಳಲ್ಲಿ ಈಗ ಇವು ಅಪರೂಪಕ್ಕೆ ಸಿಗುತ್ತವೆ, ಸಿಕ್ಕಿದ್ದನ್ನು ಪರೀಕ್ಷೆ ಮಾಡದೆ ಎಸೆದರೆ ಮತ್ತೆ ಸಿಗೋದು ಕಷ್ಟ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಎಸೆಯುವ ಮುಂಚೆ ಇದನ್ನು ಒಮ್ಮೆ ಮಾಡಿ ನೋಡಿ.

ಮೊದಲು ಡ್ರೈವ್ ಒಂದನ್ನೇ ನೋಡಿ, ಕಂಪ್ಯೂಟರ್ ಬೇಡ

ತಪ್ಪು ಡ್ರೈವ್‌ನದೋ ಕಾರ್ಡ್‌ನದೋ ಅಂತ ಗೊತ್ತಾಗಬೇಕಾದರೆ ಎರಡನ್ನೂ ಬೇರೆ ಮಾಡಬೇಕು. ಇದಕ್ಕೆ ಆಸಿಲೋಸ್ಕೋಪ್ ಏನೂ ಬೇಕಾಗಿಲ್ಲ. ಒಂದು ಹಳೇ ಎಸ್‌ಎಂಪಿಎಸ್ (ಕಂಪ್ಯೂಟರ್‌ನ ಪವರ್ ಸಪ್ಲೈ), ಒಂದು ಎಲ್‌ಇಡಿ, 470 ಓಮ್‌ನ ಒಂದು ರೆಸಿಸ್ಟರ್, ನಾಲ್ಕು ತುಂಡು ವೈರ್ ಸಾಕು.

34 ಪಿನ್‌ಗಳಲ್ಲಿ ಬೆಸ ಸಂಖ್ಯೆಯವು ಗ್ರೌಂಡ್, ಸಮ ಸಂಖ್ಯೆಯವು ಸಿಗ್ನಲ್. (ಕೆಲವು 3.5 ಇಂಚಿನ ಡ್ರೈವ್‌ಗಳಲ್ಲಿ 3, 5ರಂಥ ಮೊದಲ ಬೆಸ ಪಿನ್‌ಗಳು ಗ್ರೌಂಡ್ ಆಗಿರುವುದಿಲ್ಲ, ಮಲ್ಟಿಮೀಟರ್ ಹಿಡಿದು ಖಚಿತ ಮಾಡಿಕೊಳ್ಳಿ.) ಸಿಗ್ನಲ್ ಎಲ್ಲವೂ ಗ್ರೌಂಡ್‌ಗೆ ಮುಟ್ಟಿಸಿದಾಗ ಕೆಲಸ ಮಾಡುವಂಥವು. ಅಂದರೆ ಕಂಪ್ಯೂಟರ್ ಮಾಡುವ ಕೆಲಸವನ್ನು ನೀವು ವೈರ್ ತುಂಡಿನಲ್ಲೇ ಮಾಡಬಹುದು.

ಡ್ರೈವ್‌ಗೆ ಪವರ್ ಕೊಡಿ. ಕೆಂಪು ವೈರ್ 5 ವೋಲ್ಟ್, ಹಳದಿ 12 ವೋಲ್ಟ್, ಕಪ್ಪು ಗ್ರೌಂಡ್. 16ನೇ ಪಿನ್ನನ್ನು ಪಕ್ಕದ 15ಕ್ಕೆ ಸೇರಿಸಿದರೆ ಮೋಟರ್ ತಿರುಗಬೇಕು. 12ನ್ನು 11ಕ್ಕೆ ಸೇರಿಸಿದರೆ ಮುಂದಿನ ದೀಪ ಹತ್ತಬೇಕು. ಹತ್ತದಿದ್ದರೆ 10ನ್ನು 9ಕ್ಕೆ ಸೇರಿಸಿ ನೋಡಿ, ಆಮೇಲೆ 14ನ್ನು 13ಕ್ಕೆ, ಕೊನೆಗೆ 6ನ್ನು 5ಕ್ಕೆ. ಯಾವುದರಲ್ಲಿ ದೀಪ ಹತ್ತಿತೋ ಆ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕು. 10 ಅಂದರೆ ಡ್ರೈವ್ ಸೆಲೆಕ್ಟ್ 0 (ಯಾವ ಡ್ರೈವ್ ಮಾತಾಡಬೇಕು ಅಂತ ಆರಿಸುವ ಸಿಗ್ನಲ್), 12 ಅಂದರೆ 1, 14 ಅಂದರೆ 2, 6 ಅಂದರೆ 3. ಪಿಸಿಯಿಂದ ಬಿಚ್ಚಿದ ಡ್ರೈವ್ ಸಾಮಾನ್ಯವಾಗಿ 12ಕ್ಕೇ ಉತ್ತರ ಕೊಡುತ್ತದೆ.

5.25 ಇಂಚಿನ ಡ್ರೈವ್‌ನಲ್ಲಿ ಪಿನ್ ಇರಲ್ಲ, ಬೋರ್ಡ್ ಅಂಚಿನ ಪಟ್ಟಿಗಳಿರುತ್ತವೆ. ಅದಕ್ಕೆ ತಿರುಚಿಲ್ಲದ ಒಂದು ಕೇಬಲ್ ಹಾಕಿ, ಇನ್ನೊಂದು ತುದಿಯ ರಂಧ್ರಗಳಲ್ಲಿ ವೈರ್ ಚುಚ್ಚಿ. ಬೋರ್ಡ್ ಅಂಚಿನಲ್ಲಿ ಒಂದು ಸೀಳು ಇರುತ್ತದಲ್ಲ, ಆ ಕಡೆಯೇ ಚಿಕ್ಕ ಸಂಖ್ಯೆಯ ಪಿನ್‌ಗಳು.

ಈಗ ಎಲ್‌ಇಡಿ. 5 ವೋಲ್ಟ್‌ನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿ, ಅದರ ಇನ್ನೊಂದು ಕಾಲು ನಿಮ್ಮ ಕೈಯಲ್ಲಿ. ಡ್ರೈವ್ ಹೊರಗೆ ಕಳಿಸುವ ಯಾವ ಪಿನ್‌ಗೆ ಮುಟ್ಟಿಸಿದರೂ, ಆ ಪಿನ್ ಗ್ರೌಂಡ್‌ಗೆ ಎಳೆದಾಗ ಎಲ್‌ಇಡಿ ಹತ್ತುತ್ತದೆ. ಡ್ರೈವ್ ಸೆಲೆಕ್ಟ್ ಆಗಿದ್ದರೆ ಮಾತ್ರ ಇವು ಮಾತಾಡುತ್ತವೆ, ಹಾಗಾಗಿ ಸೆಲೆಕ್ಟ್ ವೈರ್ ತೆಗೆಯಬೇಡಿ. ಬೇಡವಾದ ಒಂದು ಡಿಸ್ಕ್ ಹಾಕಿ ಮೋಟರ್ ತಿರುಗಿಸಿ. ಪಿನ್ 8ಕ್ಕೆ ಮುಟ್ಟಿಸಿದರೆ ಎಲ್‌ಇಡಿ ಮಂದವಾಗಿ ಮಿಣಮಿಣ ಅನ್ನಬೇಕು, ಸೆಕೆಂಡಿಗೆ 5 ಸಲ. ಅದು ಇಂಡೆಕ್ಸ್, ಸುತ್ತಿಗೊಮ್ಮೆ ಬರುವ ಸಿಗ್ನಲ್. ಬಂತು ಅಂದರೆ ಡಿಸ್ಕ್ ತಿರುಗುತ್ತಿದೆ, ಸೆನ್ಸರ್ ಜೀವಂತ ಇದೆ. ಪಿನ್ 28 ರೈಟ್ ಪ್ರೊಟೆಕ್ಟ್ (ಡಿಸ್ಕ್ ಮೇಲೆ ಬರೆಯದಂತೆ ತಡೆ), ಡಿಸ್ಕ್‌ನ ಕಚ್ಚು ಮುಚ್ಚಿ ತೆಗೆದು ನೋಡಿದರೆ ಬದಲಾಗಬೇಕು.

ಹೆಡ್ ಓಡಾಡುತ್ತದಾ ನೋಡೋದಕ್ಕೆ 18 ಮತ್ತು 20. 18 ದಿಕ್ಕು, 20 ಹೆಜ್ಜೆ. 18ನ್ನು ಗ್ರೌಂಡ್‌ಗೆ ಸೇರಿಸಿ 20ಕ್ಕೆ ವೈರ್ ತಾಕಿಸಿ ತಾಕಿಸಿ ಬಿಟ್ಟರೆ ಹೆಡ್ ಒಳಗೆ, ನಡುವಿನ ಕಡೆ ಹೋಗುತ್ತದೆ. 18 ಬಿಟ್ಟು ತಾಕಿಸಿದರೆ ಹೊರಗೆ ಬರುತ್ತದೆ. ಕೈಯಲ್ಲಿ ತಾಕಿಸುವಾಗ ಒಂದು ತಾಕಿಗೆ ಎರಡು ಮೂರು ಹೆಜ್ಜೆ ಹೋಗಬಹುದು, ಚಿಂತೆ ಇಲ್ಲ. ಹೊರಗೆ ಬರುತ್ತಾ ಬರುತ್ತಾ ಟ್ರ್ಯಾಕ್ 0 (ಡಿಸ್ಕ್‌ನ ಎಲ್ಲಕ್ಕಿಂತ ಹೊರಗಿನ ವೃತ್ತ) ಮುಟ್ಟಿದಾಗ ಪಿನ್ 26ರಲ್ಲಿ ಎಲ್‌ಇಡಿ ಹತ್ತಬೇಕು. ಹತ್ತದಿದ್ದರೆ ಆ ಸೆನ್ಸರ್ ಕಣ್ಣಿನ ಮೇಲೆ ಧೂಳು ಕೂತಿದೆಯಾ ನೋಡಿ. ನಮ್ಮ ಕಡೆ ಮೊದಲ ಅನುಮಾನ ಧೂಳಿನ ಮೇಲೇ ಇರಲಿ.

ಒಂದು ಎಚ್ಚರಿಕೆ: 24ನೇ ಪಿನ್ ಮುಟ್ಟಬೇಡಿ. ಅದು ರೈಟ್ ಗೇಟ್. ಗ್ರೌಂಡ್ ಆದರೆ ಒಳಗಿರುವ ಡಿಸ್ಕ್ ಮೇಲೆ ಅಳಿಸುತ್ತಾ ಹೋಗುತ್ತದೆ.

ಇಷ್ಟೂ ಆಯಿತು, ಎಲ್ಲ ಸರಿ ಇದೆ ಅಂದರೆ ಡ್ರೈವ್‌ನ ಯಾಂತ್ರಿಕ ಭಾಗ, ಮೋಟರ್, ಸೆನ್ಸರ್‌ಗಳು ಚೆನ್ನಾಗಿವೆ. ಹೆಡ್ ಓದುತ್ತದಾ ಅನ್ನೋದು ಇನ್ನೂ ಬಾಕಿ, ಆದರೆ "ಸತ್ತಿದೆ" ಅನ್ನುವ ಮಾತು ಮುಗಿಯಿತು. ಇನ್ನು ಕಾರ್ಡ್ ಕಡೆ ತಿರುಗಬಹುದು.

ದೀಪ ಬಿಡದೆ ಉರಿಯುತ್ತಿದೆಯಾ?

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಡ್ರೈವ್ ದೀಪ ಹತ್ತಿ ಹಾಗೇ ಉಳಿದರೆ, ಮೋಟರೂ ತಿರುಗುತ್ತಲೇ ಇದ್ದರೆ, ಕೇಬಲ್ ಉಲ್ಟಾ ಆಗಿದೆ. ಉಲ್ಟಾ ಹಾಕಿದಾಗ ಕಾರ್ಡ್‌ನ ಗ್ರೌಂಡ್ ಪಿನ್‌ಗಳು ಡ್ರೈವ್‌ನ ಸಿಗ್ನಲ್ ಪಿನ್‌ಗಳ ಮೇಲೆ ಬಂದು ಕೂರುತ್ತವೆ, ಎಲ್ಲ ಸಿಗ್ನಲ್ಲೂ ಒಟ್ಟಿಗೆ ಚಾಲೂ ಆಗುತ್ತವೆ, ರೈಟ್ ಗೇಟ್ ಕೂಡ. ಅದಕ್ಕೇ ಹೊಸ ಜೋಡಣೆಯ ಮೊದಲ ಪರೀಕ್ಷೆಗೆ ಒಳ್ಳೆ ಡಿಸ್ಕ್ ಹಾಕಲೇಬಾರದು. ಕೇಬಲ್‌ನ ಕೆಂಪು ಗೆರೆ ಪಿನ್ 1ರ ಕಡೆ ಇರಬೇಕು, ಎರಡೂ ತುದಿಯಲ್ಲಿ.

ಸೆಲೆಕ್ಟ್, ಮೋಟರ್, ತಿರುಚಿದ ಕೇಬಲ್

ಹೆಚ್ಚಿನ ಡ್ರೈವ್‌ಗಳು ಸಿಕ್ಕಿಬೀಳುವುದು ಇಲ್ಲಿ. 34 ಪಿನ್‌ನ ಈ ಪದ್ಧತಿ ಬಂದದ್ದು ಶುಗಾರ್ಟ್ ಕಂಪನಿಯಿಂದ, 1976ರ ಎಸ್‌ಎ400 ಅನ್ನುವ 5.25 ಇಂಚಿನ ಡ್ರೈವ್‌ನ ಕಾಲದಿಂದ. ಅದರಲ್ಲಿ ಮೋಟರ್‌ಗೆ ಒಂದೇ ಪಿನ್, 16. ಎಲ್ಲ ಡ್ರೈವ್‌ಗೂ ಅದೇ. ಯಾವ ಡ್ರೈವ್ ಮಾತಾಡಬೇಕು ಅನ್ನೋದಕ್ಕೆ ಬೇರೆ ಬೇರೆ ಸೆಲೆಕ್ಟ್ ಪಿನ್. ಡ್ರೈವ್ ಮೇಲಿನ ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ಕ್ಲಿಪ್) ಬದಲಿಸಿ ಇದು ಸೊನ್ನೆ, ಇದು ಒಂದು ಅಂತ ಹೇಳಬೇಕು.

ಐಬಿಎಂ ಪಿಸಿ ಬಂದಾಗ ಈ ಜಂಪರ್ ಕೆಲಸವೇ ಬೇಡ ಅಂತ ಕೇಬಲ್‌ನಲ್ಲಿ ಒಂದು ತಿರುವು ಕೊಟ್ಟರು. 10ರಿಂದ 16ರವರೆಗಿನ 7 ವೈರ್‌ಗಳನ್ನು ಸೀಳಿ ಉಲ್ಟಾ ಮಾಡಿದರು. ಎಲ್ಲ ಡ್ರೈವ್‌ಗೂ ಸೆಲೆಕ್ಟ್ 1 ಅಂತಲೇ ಜಂಪರ್. ತಿರುವಿನ ಆಚೆಗಿರೋದು ಎ, ತಿರುವಿಗಿಂತ ಮುಂಚೆ ಇರೋದು ಬಿ. ಪಿಸಿಗೆ ಎರಡು ಮೋಟರ್ ವೈರ್, ಎರಡು ಸೆಲೆಕ್ಟ್ ವೈರ್. ಅನುಕೂಲ ಆಯಿತು ನಿಜ, ಆದರೆ ಪಿಸಿ ಕೇಬಲ್ಲೂ ಪಿಸಿ ಡ್ರೈವೂ ಹೋಮ್ ಕಂಪ್ಯೂಟರ್‌ಗೆ ಹಾಗೇ ಹಾಕಿದರೆ ನಡೆಯಲ್ಲ.

ರಾಯಚೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಒಂದು ಬಿಬಿಸಿ ಮೈಕ್ರೋ, ಅಂದರೆ ಏಕಾರ್ನ್ ಕಂಪನಿಯ ಹೋಮ್ ಕಂಪ್ಯೂಟರ್, ತಂದಿದ್ದರು. 1984-85ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನುವ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟಿದ್ದು ಈ ಕಂಪ್ಯೂಟರನ್ನೇ, ಇಂದಿಗೂ ಅಲ್ಲಿ ಇಲ್ಲಿ ಶಾಲೆಯ ಉಗ್ರಾಣಗಳಿಂದ ಹೊರಗೆ ಬರುತ್ತಿರುತ್ತವೆ. "ನೋಡಪ್ಪಾ, ಹಳೇ ಡ್ರೈವ್ ತೆಗೆದು ಹೊಸದು ಹಾಕಿಕೊಟ್ಟರು, ಅವತ್ತಿಂದ ತುಟಿಪಿಟಿಕ್ ಅಂದಿಲ್ಲ" ಅಂದರು. "ಹಳೇದು ಇನ್ನೂ ಮನೆಯಲ್ಲಿದೆಯಾ ಸರ್?" ಅಂತ ಕೇಳಿದೆ. ಇರಲಿಲ್ಲ. ಹಾಕಿದ್ದು ಪಿಸಿಯ 3.5 ಇಂಚಿನ ಡ್ರೈವ್, ಕೇಬಲ್ಲೂ ಪಿಸಿಯದೇ, ನಡುವೆ ತಿರುವು.

ಆನ್ ಮಾಡಿದರೆ ಪರದೆಯ ಮೇಲೆ ಏಕಾರ್ನ್ ಡಿಎಫ್‌ಎಸ್ (ಡಿಸ್ಕ್ ನಡೆಸುವ ತಂತ್ರಾಂಶ) ಅಂತ ಬಂತು. ಇದು ಮೊದಲ ಒಳ್ಳೆ ಸುದ್ದಿ. ಆ ಸಾಲು ಬರದಿದ್ದರೆ ಆ ತಂತ್ರಾಂಶದ ರೋಮ್ (ROM) ಚಿಪ್ಪೇ ಇಲ್ಲ ಅಥವಾ ಸಾಕೆಟ್‌ನಲ್ಲಿ ಸಡಿಲವಾಗಿದೆ ಅಂತ ಅರ್ಥ. ಡಿಸ್ಕ್ ಇಂಟರ್‌ಫೇಸ್ ಇಲ್ಲದೆಯೇ ಮಾರಾಟವಾದ ಮಾಡೆಲ್ ಬಿ ಬೇಕಾದಷ್ಟಿವೆ, ಅವುಗಳಲ್ಲಿ ಆ ಸಾಕೆಟ್‌ಗಳು ಖಾಲಿ ಇರುತ್ತವೆ, ಎಂಥ ಡ್ರೈವ್ ಹಾಕಿದರೂ ಕೆಲಸ ಮಾಡಲ್ಲ.

ಸ್ಟಾರ್ ಕ್ಯಾಟ್ (*CAT, ಡಿಸ್ಕ್‌ನ ಪಟ್ಟಿ ಕೇಳುವ ಆದೇಶ) ಕೊಟ್ಟೆ. ಮೋಟರ್ ತಿರುಗಿತು, ದೀಪ ಹತ್ತಲಿಲ್ಲ. ಇಲ್ಲೇ ರೋಗ ಗೊತ್ತಾಯಿತು. ಕೇಬಲ್‌ನ ತಿರುವಿನಿಂದ ಬಿಬಿಸಿಯ 10ನೇ ಪಿನ್, ಅಂದರೆ ಸೆಲೆಕ್ಟ್ 0, ಡ್ರೈವ್‌ನ 16ಕ್ಕೆ ಹೋಗಿ ಕೂತಿದೆ. ಹಾಗಾಗಿ ಸೆಲೆಕ್ಟ್ ಮಾಡಿದಾಗ ಮೋಟರ್ ತಿರುಗುತ್ತದೆ. ಬಿಬಿಸಿಯ ಮೋಟರ್ ಸಿಗ್ನಲ್ ಡ್ರೈವ್‌ನ 10ಕ್ಕೆ ಹೋಗಿದೆ, ಡ್ರೈವ್ ನೋಡುವುದು 12ನ್ನು ಮಾತ್ರ, ಅದಕ್ಕೆ ದೀಪ ಇಲ್ಲ. ಸ್ಟಾರ್ ಕ್ಯಾಟ್ 1 ಕೊಟ್ಟರೆ ಮೋಟರೂ ತಿರುಗಲಿಲ್ಲ. ಈ ಎರಡೂ ಲಕ್ಷಣ ಒಟ್ಟಿಗೆ ಕಂಡರೆ ತಿರುಚಿದ ಕೇಬಲ್ ಅಂತಲೇ ತಿಳಿಯಿರಿ, ಇನ್ನೇನೂ ಹುಡುಕಬೇಡಿ.

ನೇರ ಕೇಬಲ್ ಹಾಕಿದ ಮೇಲೆ ಸ್ಟಾರ್ ಕ್ಯಾಟ್ 0ಗೆ ಮೋಟರ್ ಮಾತ್ರ, ಸ್ಟಾರ್ ಕ್ಯಾಟ್ 1ಕ್ಕೆ ಮೋಟರ್ ಮತ್ತು ದೀಪ ಎರಡೂ. ಡ್ರೈವ್ ತನ್ನನ್ನು ಒಂದು ಅಂದುಕೊಂಡಿದೆ, ಅಷ್ಟೇ ಉಳಿದಿದ್ದು. ಜಂಪರ್ ಇದ್ದ ಡ್ರೈವ್ ಆಗಿದ್ದರೆ ಡಿಎಸ್0ಗೆ (ಡ್ರೈವ್ ಸೆಲೆಕ್ಟ್ 0) ಬದಲಿಸಿದರೆ ಮುಗಿಯಿತು. ಟೀಕ್ ಕಂಪನಿಯ ಎಫ್‌ಡಿ-55 ಸರಣಿಯ 5.25 ಇಂಚಿನ ಡ್ರೈವ್‌ಗಳಲ್ಲಿ ಡಿಎಸ್0, ಡಿಎಸ್1 ಅಂತ ಬರೆದೇ ಇರುತ್ತದೆ. ಆಮೇಲಿನ 3.5 ಇಂಚಿನ ಡ್ರೈವ್‌ಗಳಲ್ಲಿ ಜಂಪರ್ ಬಹುತೇಕ ಇಲ್ಲ. ಬೋರ್ಡ್ ಮೇಲೆ ಸೋಲ್ಡರ್ ಹಾಕುವ ಪ್ಯಾಡ್ ಇದ್ದರೆ ಇರಬಹುದು, ಕೈ ಗಟ್ಟಿ ಇದ್ದವರು ಅದನ್ನು ಮಾಡಬಹುದು. ನನಗೆ ಕೇಬಲ್ ದಾರಿಯೇ ಇಷ್ಟ, ಡ್ರೈವ್ ಮುಟ್ಟಬೇಕಾಗಿಲ್ಲ: ನೇರ ಕೇಬಲ್‌ನಲ್ಲಿ 10, 11, 12 ಈ ಮೂರು ವೈರ್ ಮಾತ್ರ ಸೀಳಿ, ಆ ಮೂರನ್ನು ಉಲ್ಟಾ ಮಾಡಿ ಕನೆಕ್ಟರ್ ಒತ್ತಿ. 10 ಮತ್ತು 12 ಅದಲು ಬದಲಾಗುತ್ತವೆ, ನಡುವಿನ 11 ಗ್ರೌಂಡ್ ಅಲ್ಲೇ ಇರುತ್ತದೆ, 16ರ ಮೋಟರ್‌ಗೆ ಏನೂ ಆಗಲ್ಲ. ಕೇಬಲ್ ಮೇಲೆ ಮಾರ್ಕರ್‌ನಲ್ಲಿ "ಬಿಬಿಸಿ, ಪಿಸಿಗೆ ಹಾಕಬೇಡಿ" ಅಂತ ಬರೆದು ಕೊಟ್ಟೆ.

ಇದಾದ ಮೇಲೆ ಡಿಸ್ಕ್ ಫಾಲ್ಟ್ 18 ಬಂತು. ಗಾಬರಿ ಬೇಡ, ಇದು ಮುಂದಿನ ಮೆಟ್ಟಿಲು. ಬಿಬಿಸಿಯ ಹಳೇ ಇಂಟರ್‌ಫೇಸ್‌ನಲ್ಲಿರುವುದು ಇಂಟೆಲ್ 8271 ಚಿಪ್, ಅದು ಹೇಳುವ ಅಂಕಿಗಳೆಲ್ಲ ಹದಿನಾರರ ಲೆಕ್ಕದವು, ಒಂದೊಂದಕ್ಕೂ ಖಚಿತ ಅರ್ಥ ಇದೆ. 18 ಅಂದರೆ ಸೆಕ್ಟರ್ (ಟ್ರ್ಯಾಕ್‌ನ ಒಂದು ತುಂಡು) ಸಿಗಲಿಲ್ಲ. 14 ಅಂದರೆ ಟ್ರ್ಯಾಕ್ 0 ಸಿಗಲಿಲ್ಲ, ಹೆಡ್ ಅಥವಾ ಸೆನ್ಸರ್ ನೋಡಿ. 12 ರೈಟ್ ಪ್ರೊಟೆಕ್ಟ್. 0ಸಿ ಮತ್ತು 0ಇ ಅಂದರೆ ಸಿಕ್ಕಿತು ಆದರೆ ಓದಿದ್ದು ತಾಳೆ ಆಗಲಿಲ್ಲ, ಹೆಡ್ ಕೊಳೆ ಅಥವಾ ಡಿಸ್ಕ್ ಹಳೇದು. ಇವರ ಬಳಿ ಇದ್ದಿದ್ದು ಎಚ್‌ಡಿ (ಹೈ ಡೆನ್ಸಿಟಿ) ಡಿಸ್ಕ್, 1.44 ಎಂಬಿಯದು. ಎಚ್‌ಡಿ ರಂಧ್ರ ಕಂಡ ತಕ್ಷಣ ಡ್ರೈವ್ ತಾನೇ ಎಚ್‌ಡಿ ಲೆಕ್ಕಕ್ಕೆ ಹೋಗುತ್ತದೆ, ಬಿಬಿಸಿ ಆ ವೇಗದಲ್ಲಿ ಮಾತಾಡಲ್ಲ. ರಂಧ್ರಕ್ಕೆ ಟೇಪ್ ಹಚ್ಚಿ ಮತ್ತೆ ಫಾರ್ಮ್ಯಾಟ್ ಮಾಡಿದರೆ ಕೆಲಸ ಆಗುತ್ತದೆ, ಆಯಿತು ಕೂಡ. ಆದರೆ ಉಳಿಸಿಕೊಳ್ಳಬೇಕಾದ ಕೆಲಸಕ್ಕೆ ಡಿಡಿ (ಡಬಲ್ ಡೆನ್ಸಿಟಿ) ಡಿಸ್ಕನ್ನೇ ಹುಡುಕಿ. 5.25 ಇಂಚಿನಲ್ಲಂತೂ ಈ ಉಪಾಯ ಇಲ್ಲವೇ ಇಲ್ಲ, ಅಲ್ಲಿ ಎಚ್‌ಡಿ ಡಿಸ್ಕ್‌ನ ಲೇಪನಕ್ಕೆ ಸುಮಾರು ಎರಡು ಪಟ್ಟು ಕಾಂತಬಲ ಬೇಕು, ಡಿಡಿ ಡ್ರೈವ್ ಅದರ ಮೇಲೆ ಬರೆದದ್ದು ನಿಲ್ಲಲ್ಲ.

34ನೇ ಪಿನ್

ಬಿಬಿಸಿಗೆ ಈ ಪಿನ್ ಬೇಕಾಗಿಲ್ಲ, ಅದಕ್ಕೆ ಅದು ಸುಲಭ. ಆಮ್‌ಸ್ಟ್ರಾಡ್ ಸಿಪಿಸಿ, ಸ್ಪೆಕ್ಟ್ರಮ್ +3 ಇಂಥ ಹೋಮ್ ಕಂಪ್ಯೂಟರ್‌ಗಳಲ್ಲಿ ಎಲ್ಲರ ತಲೆ ಕೆಡಿಸೋದು ಇದೇ.

ಅವುಗಳಲ್ಲಿರುವುದು ಎನ್‌ಇಸಿ 765 ಚಿಪ್. ಡ್ರೈವ್ ರೆಡಿ ಇದೆ ಅಂತ ಅದಕ್ಕೆ ಹೇಳಬೇಕು, ಹೇಳೋದು ಪಿನ್ 34ರಲ್ಲಿ. ಡಿಸ್ಕ್ ತಿರುಗುತ್ತಿದ್ದರೆ ಆ ಪಿನ್ ಗ್ರೌಂಡ್‌ಗೆ ಬರಬೇಕು. ಪಿಸಿಯಲ್ಲಿ ಇದೇ ಪಿನ್ ಬೇರೆ ಕೆಲಸ ಮಾಡುತ್ತದೆ: ಡಿಸ್ಕ್ ಬದಲಾಗಿದೆ ಅಂತ ಹೇಳುತ್ತದೆ. ಡಿಸ್ಕ್ ತೆಗೆದಾಗ ಗ್ರೌಂಡ್‌ಗೆ ಬರುತ್ತದೆ, ಹೊಸ ಡಿಸ್ಕ್ ಹಾಕಿ ಹೆಡ್ ಒಂದು ಹೆಜ್ಜೆ ಇಟ್ಟ ಮೇಲೆ ಬಿಡುತ್ತದೆ. ಈಗ ಪಿಸಿ ಡ್ರೈವನ್ನು ಸಿಪಿಸಿಗೆ ಹಾಕಿ ನೋಡಿ. ಡ್ರೈವ್ ಖಾಲಿ ಇದ್ದಾಗ ಕಂಪ್ಯೂಟರ್ ರೆಡಿ ಅಂದುಕೊಳ್ಳುತ್ತದೆ, ಡಿಸ್ಕ್ ಹಾಕಿ ಹೆಡ್ ಸರಿದ ಮೇಲೆ ರೆಡಿ ಇಲ್ಲ ಅಂದುಕೊಳ್ಳುತ್ತದೆ. ಸರಿಯಾಗಿ ಉಲ್ಟಾ. ಡಿಸ್ಕ್ ಒಳಗೇ ಇರುತ್ತದೆ, ಪರದೆ ಮೇಲೆ ಡಿಸ್ಕ್ ಮಿಸ್ಸಿಂಗ್ ಅಂತ ಬರುತ್ತದೆ, ಹೊರಗೆ ತೆಗೆದು ಹಾಕಿದರೆ ಒಂದು ಗಳಿಗೆ ಹೆಡ್ ಅಲ್ಲಾಡುತ್ತದೆ, ಮತ್ತೆ ಅದೇ ಮಾತು. ಈ ಲಕ್ಷಣ ಕಂಡರೆ ಹೆಡ್ ಒರೆಸುತ್ತಾ ಕೂರಬೇಡಿ.

ಡ್ರೈವ್‌ನಲ್ಲಿ ಆರ್‌ವೈ (ರೆಡಿ) ಮತ್ತು ಡಿಸಿ (ಡಿಸ್ಕ್ ಬದಲಾವಣೆ) ಅಂತ ಎರಡು ಜಂಪರ್ ಜಾಗ ಇದ್ದರೆ ಡಿಸಿಯಿಂದ ತೆಗೆದು ಆರ್‌ವೈಗೆ ಹಾಕಿ. ಇಲ್ಲದಿದ್ದರೆ ಕೇಬಲ್‌ನ 34ನೇ ವೈರ್ ಡ್ರೈವ್‌ಗೆ ಹೋಗದಂತೆ ಕತ್ತರಿಸಿ, ಕಂಪ್ಯೂಟರ್ ಕಡೆಯ ತುಂಡನ್ನು ಪಕ್ಕದ 33ಕ್ಕೆ ಸೇರಿಸಿಬಿಡಿ. ಯಾವಾಗಲೂ ರೆಡಿ ಅಂತ ಕಾಣುತ್ತದೆ. ಸಾಮಾನ್ಯ ಬಳಕೆಗೆ ಸಾಕು, ಡಿಸ್ಕ್ ಇಲ್ಲದಾಗ ಕೇಳಿದರೆ ಮಾತ್ರ ಉತ್ತರ ಬರೋದು ತಡ ಆಗುತ್ತದೆ ಅಥವಾ ತಪ್ಪು ಬರುತ್ತದೆ. ಅಮಿಗಾ ಕಂಪ್ಯೂಟರ್‌ಗೆ ಇಷ್ಟು ಸಾಲದು. ಅದಕ್ಕೆ 34ರಲ್ಲಿ ರೆಡಿ ಬೇಕು, 2ರಲ್ಲಿ ಡಿಸ್ಕ್ ಬದಲಾದ ಸುದ್ದಿ ಬೇಕು, ಹಾಗಾಗಿ ಪಿಸಿ ಡ್ರೈವ್‌ನ 34ರ ಸಿಗ್ನಲ್ಲನ್ನು ಕಂಪ್ಯೂಟರ್‌ನ 2ಕ್ಕೆ ಒಯ್ಯಬೇಕು.

ಇದೇ ತಪ್ಪು ಎದುರು ದಿಕ್ಕಿನಲ್ಲಿ ಆದರೆ ಇನ್ನೂ ಅಪಾಯ. ಎಟಿ ಕ್ಲಾಸಿನ (ಐಬಿಎಂ ಪಿಸಿಯ ನಂತರದ ಮಾದರಿ) ಪಿಸಿಗೆ ಆರ್‌ವೈ ಜಂಪರ್ ಇರುವ ಡ್ರೈವ್ ಹಾಕಿದಿರಿ ಅಂದುಕೊಳ್ಳಿ. ಡಿಸ್ಕ್ ಬದಲಿಸಿ ಡಿರ್ (ಫೈಲ್‌ಗಳ ಪಟ್ಟಿ ಕೇಳುವ ಆದೇಶ) ಕೊಟ್ಟರೆ ಹಿಂದಿನ ಡಿಸ್ಕ್‌ನ ಪಟ್ಟಿಯೇ ಬರುತ್ತದೆ. ಆಗ ಏನಾದರೂ ಬರೆದಿರೋ, ಹಳೇ ಡಿಸ್ಕ್‌ನ ಲೆಕ್ಕವನ್ನು ಹೊಸ ಡಿಸ್ಕ್ ಮೇಲೆ ಬರೆದು ಅದನ್ನು ಹಾಳು ಮಾಡುತ್ತದೆ. ಅಂಗಡಿಯ ಹಳೇ ಲೆಕ್ಕಪತ್ರದ ಫ್ಲಾಪಿಗಳನ್ನು ಓದೋದಕ್ಕೆ ಕೂರುವವರು ಇದನ್ನು ಮೊದಲೇ ನೋಡಿಕೊಳ್ಳಿ. ಎರಡು ಬೇಡವಾದ ಡಿಸ್ಕ್ ತೆಗೆದುಕೊಂಡು ಅದಲು ಬದಲು ಮಾಡಿ ಡಿರ್ ಕೊಡಿ, ಎರಡೂ ಸಲ ಬೇರೆ ಬೇರೆ ಪಟ್ಟಿ ಬಂದರೆ ಮಾತ್ರ ಒಳ್ಳೆ ಡಿಸ್ಕ್ ಹಾಕಿ. ಎಟಿಗಿಂತ ಹಳೇ ಎಕ್ಸ್‌ಟಿ ಪಿಸಿಗೆ ಈ ಚಿಂತೆ ಇಲ್ಲ, ಅದರ ಕಾರ್ಡ್ 34ನ್ನು ನೋಡುವುದೇ ಇಲ್ಲ.

ವೇಗ ಮತ್ತು ಟ್ರ್ಯಾಕ್

ದೀಪ ಹತ್ತುತ್ತದೆ, ಹೆಡ್ ಓಡಾಡುತ್ತದೆ, ರೆಡಿ ಕೂಡ ಸರಿ, ಆದರೂ ಒಂದೂ ಸೆಕ್ಟರ್ ಸಿಗುತ್ತಿಲ್ಲ. ಡ್ರೈವ್ 5.25 ಇಂಚಿನದಾ? 1.2 ಎಂಬಿಯದಾ? ಹೌದು ಅಂದರೆ ಅದು ನಿಮಿಷಕ್ಕೆ 360 ಸುತ್ತು ತಿರುಗುತ್ತದೆ. ಹೋಮ್ ಕಂಪ್ಯೂಟರ್‌ಗಳು ನಿರೀಕ್ಷಿಸೋದು 300. ಶೇಕಡ 20ರಷ್ಟು ವೇಗ ಜಾಸ್ತಿ ಆದರೆ ಅಕ್ಷರಗಳು ಅಷ್ಟೇ ಬೇಗ ಬರುತ್ತವೆ, ಚಿಪ್ ಹಿಡಿಯಲಾರದು. ಪಿಸಿ ಎಟಿಯ ಕಾರ್ಡ್ ಇದಕ್ಕಾಗಿಯೇ ಸೆಕೆಂಡಿಗೆ 300 ಕಿಲೋಬಿಟ್ ಅನ್ನುವ ಮತ್ತೊಂದು ವೇಗ ಇಟ್ಟುಕೊಂಡಿದೆ, ಹಳೇ ಕಾರ್ಡ್‌ಗಳಲ್ಲಿ ಅದಿಲ್ಲ. ಎಕ್ಸ್‌ಟಿ ಕಾರ್ಡ್ ಕೂಡ 250 ಬಿಟ್ಟು ಬೇರೆ ಮಾತಾಡಲ್ಲ. ಟೀಕ್ ಎಫ್‌ಡಿ-55ಜಿಎಫ್‌ಆರ್ ಸಿಕ್ಕರೆ ಜಂಪರ್‌ನಿಂದ 300ಕ್ಕೆ ಇಳಿಸಬಹುದು. 2ನೇ ಪಿನ್ ಇಂಥ ಡ್ರೈವ್‌ಗಳಲ್ಲಿ ಡೆನ್ಸಿಟಿ ಹೇಳುತ್ತದೆ, ಅದರ ಅರ್ಥ ಕೂಡ ಜಂಪರ್ ಮೇಲೆ ನಿಂತಿದೆ, ಎರಡನ್ನೂ ಒಟ್ಟಿಗೆ ನೋಡಿ.

ಟೀಕ್‌ನಲ್ಲಿ ಕೊನೆಯ ಅಕ್ಷರ ನೋಡಿದರೆ ಯಾವ ಡ್ರೈವ್ ಅಂತ ಗೊತ್ತಾಗುತ್ತದೆ. 55ಎ ಒಂದು ಬದಿ 40 ಟ್ರ್ಯಾಕ್, 55ಬಿ ಎರಡು ಬದಿ 40, 55ಇ ಒಂದು ಬದಿ 80, 55ಎಫ್ ಎರಡು ಬದಿ 80. ಹೋಮ್ ಕಂಪ್ಯೂಟರ್‌ಗೆ ಬಿ ಮತ್ತು ಎಫ್ ಚಿನ್ನದಂಥವು, ಗುಜರಿಯಲ್ಲಿ ಕಂಡರೆ ಬಿಡಬೇಡಿ.

ವೇಗ ನೋಡೋದಕ್ಕೆ ಸುಲಭ ದಾರಿ ಡ್ರೈವ್‌ನ ಅಡಿಯ ಚಕ್ರದ ಮೇಲೆಯೇ ಇದೆ. ಹಳೇ ಡ್ರೈವ್‌ಗಳಲ್ಲಿ ಕಪ್ಪು ಬಿಳಿ ಗೆರೆಗಳ ಎರಡು ವೃತ್ತ, ಒಂದಕ್ಕೆ 50, ಇನ್ನೊಂದಕ್ಕೆ 60 ಅಂತ ಬರೆದಿರುತ್ತದೆ. ನಮ್ಮದು 50ರ ವೃತ್ತ. ಟ್ಯೂಬ್‌ಲೈಟ್ ಬೆಳಕಿನಲ್ಲಿ ತಿರುಗಿಸಿದಾಗ ಆ ಗೆರೆಗಳು ನಿಂತ ಹಾಗೆ ಕಾಣಬೇಕು. ಹಿಂದೆ ಮುಂದೆ ಜಾರುತ್ತಿದ್ದರೆ ಸ್ಪೀಡ್‌ನ ಸ್ಕ್ರೂ ತಿರುಗಿಸಿ ನಿಲ್ಲಿಸಿ. ಆದರೆ ಟ್ಯೂಬ್‌ಲೈಟ್ ತಾಮ್ರದ ಚೋಕ್‌ನ ಹಳೇ ಥರದ್ದೇ ಆಗಬೇಕು. ಎಲೆಕ್ಟ್ರಾನಿಕ್ ಚೋಕ್, ಎಲ್‌ಇಡಿ ಬಲ್ಬ್ ಬೆಳಕಿನಲ್ಲಿ ಈ ಪರೀಕ್ಷೆ ಆಗಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಇದ್ದಾಗಲೂ ಬೇಡ, ಅದರ 50 ಸರಿಯಾದ 50 ಆಗಿರುತ್ತದೆ ಅಂತ ನಂಬುವ ಹಾಗಿಲ್ಲ. ಲೈನ್ ಕರೆಂಟ್ ಬರಲಿ, ಕಾಯಿರಿ.

40 ಟ್ರ್ಯಾಕ್ ಮತ್ತು 80 ಟ್ರ್ಯಾಕ್ ಬೆರೆಸಿದಾಗ ಇನ್ನೊಂದು ವಿಚಿತ್ರ ತೊಂದರೆ ಬರುತ್ತದೆ. 80ರ ಡ್ರೈವ್‌ನ ಹೆಡ್ ಕಿರಿದು, ಸುಮಾರು ಅರ್ಧ. 40ರ ಡಿಸ್ಕನ್ನು ಅದು ಎರಡೆರಡು ಹೆಜ್ಜೆ ಇಟ್ಟು ಚೆನ್ನಾಗಿ ಓದುತ್ತದೆ. ಆದರೆ ಅದರಲ್ಲಿ ಬರೆದರೆ, ಅಗಲದ ರಂಗೋಲಿ ಗೆರೆಯ ಮೇಲೆ ಒಂದು ಬೆರಳು ಎಳೆದ ಹಾಗೆ, ಅಂಚಿನಲ್ಲಿ ಹಳೇದು ಉಳಿದೇ ಇರುತ್ತದೆ. 80ರ ಡ್ರೈವ್‌ನಲ್ಲಿ ಸರಿಯಾಗಿ ಓದುತ್ತದೆ, 40ರದಕ್ಕೆ ಹಾಕಿದರೆ ಹಳೇದು ಹೊಸದು ಎರಡೂ ಒಟ್ಟಿಗೆ ಬಂದು ತಾಳೆ ಆಗಲ್ಲ. ಒಂದರಲ್ಲಿ ಓದುತ್ತದೆ ಇನ್ನೊಂದರಲ್ಲಿ ಇಲ್ಲ ಅಂದರೆ ಡ್ರೈವ್ ಬೈಯಬೇಡಿ, ಡಿಸ್ಕ್ ಎಲ್ಲಿ ಬರೆದದ್ದು ಅಂತ ಕೇಳಿ. 40ರ ಕಂಪ್ಯೂಟರ್‌ಗೆ ಬೇಕಾದ ಡಿಸ್ಕನ್ನು 40ರ ಡ್ರೈವ್‌ನಲ್ಲೇ ಬರೆಯಿರಿ.

ಟ್ರ್ಯಾಕ್ 0 ಓದಿ ಮುಂದೆ ಹೋಗುವಾಗ ದಾರಿ ತಪ್ಪುತ್ತಿದೆ ಅಂದರೆ ಹೆಜ್ಜೆಯ ವೇಗ ನೋಡಿ. ಎಸ್‌ಎ400ಗೆ ಒಂದು ಟ್ರ್ಯಾಕ್ ದಾಟೋದಕ್ಕೆ 40 ಮಿಲಿಸೆಕೆಂಡ್ ಬೇಕು, ಆಮೇಲಿನ ಡ್ರೈವ್‌ಗಳಿಗೆ 3 ಅಥವಾ 6 ಸಾಕು. ಬಿಬಿಸಿಯಲ್ಲಿ ಇದನ್ನು ಕೀಬೋರ್ಡ್ ಬೋರ್ಡ್ ಮೇಲಿನ ಲಿಂಕ್‌ಗಳಲ್ಲಿ ನಿಧಾನ ಮಾಡಬಹುದು. ಹೆಡ್ ಸರಿಯುವ ರೈಲಿನ ಮೇಲೆ ಗ್ರೀಸ್ ಗಟ್ಟಿಯಾಗಿದ್ದರೂ ಇದೇ ಲಕ್ಷಣ, ಅದನ್ನು ಮೊದಲು ಒರೆಸಿ.

ಎರಡು ಡ್ರೈವ್ ಹಾಕಿದಾಗ

ಹಳೇ 5.25 ಡ್ರೈವ್‌ಗಳಲ್ಲಿ 150 ಓಮ್‌ನ ಟರ್ಮಿನೇಟರ್ ಪ್ಯಾಕ್ (ಸಿಗ್ನಲ್ ವೈರ್‌ಗಳ ಕೊನೆಗೆ ಹಾಕುವ ರೆಸಿಸ್ಟರ್‌ಗಳ ಗುಂಪು) ಸಾಕೆಟ್‌ನಲ್ಲಿ ಕೂತಿರುತ್ತದೆ, ನೋಡೋದಕ್ಕೆ ಚಿಪ್ ಥರ. ಅದು ಕೇಬಲ್‌ನ ಕೊನೆಯ ಡ್ರೈವ್‌ನಲ್ಲಿ ಮಾತ್ರ ಇರಬೇಕು. ಒಂದೇ ಇದ್ದರೆ ಕಾರ್ಡ್ ಎಳೆಯಬೇಕಾದದ್ದು ಸುಮಾರು 33 ಮಿಲಿಆಂಪ್. ಎರಡಿದ್ದರೆ 67. ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಇರುವ 7438 ಚಿಪ್ 48ರವರೆಗೆ ಮಾತ್ರ ಮಾಡಿದ್ದು. ಕೆಲವೊಮ್ಮೆ ಓಡುತ್ತದೆ, ಕೆಲವೊಮ್ಮೆ ಇಲ್ಲ, ಬೇಸಿಗೆಯಲ್ಲಿ ಜಾಸ್ತಿ ಕೈಕೊಡುತ್ತದೆ. ಒಂದೊಂದೇ ಹಾಕಿದಾಗ ಎರಡೂ ಸರಿ, ಜೊತೆಗೆ ಹಾಕಿದಾಗ ತಕರಾರು ಅಂದರೆ ಇದನ್ನೇ ನೋಡಿ.

ಪ್ಲಗ್ ಒಂದೇ ಥರ, ವೋಲ್ಟೇಜ್ ಬೇರೆ

ಆಮ್‌ಸ್ಟ್ರಾಡ್‌ನ 3 ಇಂಚಿನ ಡ್ರೈವ್‌ನ ಪವರ್ ಪ್ಲಗ್‌ನಲ್ಲಿ 5 ಮತ್ತು 12 ಅದಲು ಬದಲಾಗಿರುತ್ತವೆ. ಅದೇ ಪ್ಲಗ್ಗನ್ನು 3.5 ಇಂಚಿನ ಡ್ರೈವ್‌ಗೆ ಒತ್ತಿದರೆ 5ರ ಚಿಪ್‌ಗಳಿಗೆ 12 ವೋಲ್ಟ್ ಹೋಗಿ ಆ ಡ್ರೈವ್ ನಿಜವಾಗಿ ಸಾಯುತ್ತದೆ. ಮೀಟರ್ ಹಿಡಿಯದೆ ಒತ್ತಬೇಡಿ. ಆ 3 ಇಂಚಿನ ಡ್ರೈವ್‌ಗಳಲ್ಲಿ ರಬ್ಬರ್ ಬೆಲ್ಟ್ ಕರಗಿ ಟಾರಿನಂತೆ ಅಂಟಾಗಿರೋದೂ ಸಾಮಾನ್ಯ. ಪುಲ್ಲಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪೂರ್ತಿ ಒರೆಸಿದ ಮೇಲೆಯೇ ಹೊಸ ಬೆಲ್ಟ್ ಹಾಕಿ.

ಆಪಲ್ 2ರ ಡಿಸ್ಕ್ 2 ಡ್ರೈವ್ ಈ ಲೆಕ್ಕಕ್ಕೇ ಬರಲ್ಲ. 1978ರ ಆ ಡ್ರೈವ್‌ಗೆ 20 ಪಿನ್, ಟ್ರ್ಯಾಕ್ 0 ಸೆನ್ಸರ್ ಇಲ್ಲ. ಆನ್ ಮಾಡಿದಾಗ ಹೆಡ್ ಕಟಕಟ ಅಂತ ಗೋಡೆಗೆ ಬಡಿಯುವುದು ಅದರ ಸ್ವಭಾವ, ದೋಷ ಅಲ್ಲ. ಕಾರ್ಡ್ ಮೇಲೆ ಕನೆಕ್ಟರ್ ಒಂದು ಪಿನ್ ಪಕ್ಕಕ್ಕೆ ಕೂತರೆ ಮಾತ್ರ ಡ್ರೈವ್ ಬೋರ್ಡ್‌ನ 74ಎಲ್‌ಎಸ್125 ಚಿಪ್ ಸುಡುತ್ತದೆ. ಮೊದಲು ಅದನ್ನು ಬದಲಿಸಿ ನೋಡಿ, ಅಗ್ಗದ ಚಿಪ್. ಕಮೋಡೋರ್ 1541 ಡ್ರೈವ್‌ನ ಒಳಗೆ ಅದರದೇ 6502 ಪ್ರೊಸೆಸರ್, ಅದರದೇ ಡಾಸ್. ಅದಕ್ಕೆ ಬೇರೆ ಡ್ರೈವ್ ಹೊಂದಿಸುವ ಪ್ರಶ್ನೆಯೇ ಇಲ್ಲ.

ಧೂಳು, ಹೆಡ್, ಡಿಸ್ಕ್

ಬಳ್ಳಾರಿ ಸಂಡೂರು ಕಡೆಯ ಡ್ರೈವ್ ಬಿಚ್ಚಿದರೆ ಕೆಂಪು ಅದಿರು ಧೂಳು, ರಾಯಚೂರಿನದಾದರೆ ಹತ್ತಿಯ ಎಳೆ, ಗಂಗಾವತಿಯ ಅಕ್ಕಿ ಗಿರಣಿ ಪಕ್ಕದಿಂದ ಬಂದದ್ದಾದರೆ ತೌಡು. ಅದಿರು ಧೂಳು ಎಲ್ಲಕ್ಕಿಂತ ಕೆಟ್ಟದ್ದು, ಹೆಡ್‌ಗೂ ಡಿಸ್ಕ್‌ಗೂ ನಡುವೆ ಸಿಕ್ಕರೆ ಗೀರುತ್ತದೆ. ಬಾಯಿಂದ ಊದಬೇಡಿ, ಬ್ರಷ್‌ನಲ್ಲಿ ಹೊರಗೆ ಎಳೆಯಿರಿ. ಆಮೇಲೆ ಎಳೆ ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಹಾಕಿ ಹೆಡ್ ಒರೆಸಿ. ಎರಡು ಬದಿಯ ಡ್ರೈವ್‌ನಲ್ಲಿ ಮೇಲಿನ ಹೆಡ್ ತೆಳು ತಗಡಿನ ಮೇಲೆ ನಿಂತಿರುತ್ತದೆ, ಅದನ್ನು ಬೆರಳಲ್ಲಿ ಜಾಸ್ತಿ ಎತ್ತಿದರೆ ಬಾಗುತ್ತದೆ, ಮತ್ತೆ ಸರಿ ಮಾಡೋಕೆ ಆಗಲ್ಲ. ರೈಲಿಗೆ ಜೀನ್ಸ್ ಹೊಲಿಯುವವರ ಹತ್ತಿರ ಸಿಗುವ ಮಷಿನ್ ಎಣ್ಣೆ ಒಂದು ಹನಿ ಸಾಕು, ಬಟ್ಟೆಯಲ್ಲಿ ಸವರಿ ಒರೆಸಿ. ಜಾಸ್ತಿ ಹಾಕಿದರೆ ಧೂಳು ಅದಕ್ಕೇ ಅಂಟುತ್ತದೆ.

ಉಳಿಸಿಕೊಳ್ಳಬೇಕಾದ ಡಿಸ್ಕ್ ಇದ್ದರೆ ರಿಪೇರಿ ಆದ ಡ್ರೈವ್‌ಗೆ ನೇರ ಹಾಕಬೇಡಿ. ಮೊದಲು ಬೇಡವಾದ ಡಿಸ್ಕ್ ಒಂದು ತಿರುಗಿಸಿ, ಹೊರಗೆ ತೆಗೆದು ಬೆಳಕಿಗೆ ಹಿಡಿದು ವೃತ್ತಾಕಾರದ ಗೀರು ಬಿದ್ದಿದೆಯಾ ನೋಡಿ. ಬಿದ್ದಿಲ್ಲ ಅಂದ ಮೇಲೆ ರೈಟ್ ಪ್ರೊಟೆಕ್ಟ್ ಮಾಡಿ ಒಳ್ಳೇದನ್ನು ಹಾಕಿ. ಬಿಬಿಸಿಯ ಡಿಸ್ಕ್‌ಗಳು ಸಿಂಗಲ್ ಡೆನ್ಸಿಟಿ, ಬಹಳಷ್ಟು ಪಿಸಿ ಕಾರ್ಡ್‌ಗಳು ಅದನ್ನು ಓದಲಾರವು. ಅದಕ್ಕೆ ಗ್ರೀಸ್‌ವೀಸಲ್ ಬೋರ್ಡ್ ಒಂದು ಇಟ್ಟುಕೊಳ್ಳೋದು ಒಳ್ಳೇದು, ಅದು ಕಾಂತದ ಏರಿಳಿತವನ್ನೇ ಹಾಗೇ ನಕಲು ಮಾಡುತ್ತದೆ, ಯಾವ ಕಂಪ್ಯೂಟರ್‌ನದು ಅಂತ ಕೇಳಲ್ಲ.

ಡ್ರೈವ್ ಸಿಗದೇ ಗೋಟೆಕ್ (ಪೆನ್‌ಡ್ರೈವ್‌ನಿಂದ ಓದಿ ಫ್ಲಾಪಿ ಡ್ರೈವ್‌ನಂತೆ ನಟಿಸುವ ಸಾಧನ) ಹಾಕುವವರಿಗೂ ಇದೇ ಪಾಠ ಅನ್ವಯಿಸುತ್ತದೆ. ಫ್ಲಾಶ್‌ಫ್ಲಾಪಿ ಅನ್ನುವ ತಂತ್ರಾಂಶ ಹಾಕಿದ ಗೋಟೆಕ್‌ನಲ್ಲಿ ಎಸ್0, ಎಸ್1 ಜಂಪರ್ ಸೆಲೆಕ್ಟ್‌ಗೆ. ಎಫ್‌ಎಫ್ ಸಿಎಫ್‌ಜಿ (FF.CFG) ಫೈಲ್‌ನಲ್ಲಿ ಇಂಟರ್‌ಫೇಸ್ ಶುಗಾರ್ಟಾ ಐಬಿಎಂಪಿಸಿಯಾ ಅಂತ ಒಂದು ಸಾಲು, ಬಿಬಿಸಿಗಾದರೆ ಹೋಸ್ಟ್ ಏಕಾರ್ನ್ ಅಂತ ಇನ್ನೊಂದು. ಪಿನ್ 34 ಮತ್ತು ಪಿನ್ 2 ಏನು ಹೇಳಬೇಕು ಅನ್ನೋದನ್ನೂ ಅಲ್ಲೇ ಬರೆಯಬಹುದು, ಸಿಪಿಸಿಗೆ ಕತ್ತರಿ ಹಾಕಬೇಕಾದದ್ದು ಇಲ್ಲಿ ಒಂದು ಪದದಲ್ಲಿ ಆಗುತ್ತದೆ. ಗೋಟೆಕ್ ಕೂಡ ದೀಪ ಹತ್ತದೆ ಸುಮ್ನೆ ಕೂತಿದ್ದರೆ ಮತ್ತೆ ಅದೇ 10, 12, 16ರಿಂದ ಶುರು ಮಾಡಿ.